ನೋವಿಗೆ ಕೈ ಹಚ್ಚುವವರ ಪ್ರಣಾಳಿಕೆ

ಸೊಂಟನೋವನ್ನು, ಕತ್ತುನೋವನ್ನು ನಾವು ಇಂದಿನಿಂದ ಸಾರ್ವಜನಿಕ ವಿಷಯವೆಂದು ಸಾರುತ್ತೇವೆ.

ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಕತ್ತು ಬಗ್ಗಿಸಿ ಹೊಲಿಯುವ ಹೆಣ್ಣುಮಗಳು, ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ಇಳಕಲ್ಲಿನ ನೇಕಾರ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ಕರಾವಳಿಯ ಅಕ್ಕ, ಅಡಿಕೆ ಸುಗ್ಗಿಯಲ್ಲಿ ಸರಿರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದಿಂದ ಏಳದ ಮಲೆನಾಡಿನವರು, ಲ್ಯಾಪ್‌ಟಾಪಿಗೆ ಮುಖ ಕೊಟ್ಟು ಕೂತ ಟೆಕ್ಕಿ. ಇವರು ದುಡಿಯುವುದು ಗುಂಪಿನಲ್ಲಿ, ನರಳುವುದು ಮಾತ್ರ ಒಬ್ಬೊಬ್ಬರೇ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಗುಳಿಗೆ ನುಂಗಿ, ಮುಲಾಮು ಹಚ್ಚಿ, ಮರುದಿನ ಮತ್ತೆ ಅದೇ ಕುರ್ಚಿಗೆ. ಹೀಗೆ ಒಬ್ಬೊಬ್ಬರೇ ನರಳುವುದನ್ನು ನಿಲ್ಲಿಸಬೇಕೆಂದೇ ಫಿಸಿಯೋಥೆರಪಿಸ್ಟ್‌ಗಳು, ನೋವುಂಡವರು, ಕಾರ್ಮಿಕ ಸಂಘಗಳಲ್ಲಿ ಇರುವವರು ಒಟ್ಟಾಗಿದ್ದೇವೆ.

ನಮ್ಮ ಕೈಯಲ್ಲಿರುವ ಉಪಾಯಗಳಲ್ಲಿ ಒಂದು ಮಯೋಫೇಶಿಯಲ್ ರಿಲೀಸ್. ಹೆಸರು ಭಾರ, ಕೆಲಸ ಸರಳ. ಮಟನ್ ಅಂಗಡಿಯಲ್ಲಿ ಕುರಿಯ ತೊಡೆ ಕತ್ತರಿಸುವಾಗ ಸುಲಿದು ಬರುವ ಹೊಳೆಯುವ ಬಿಳಿ ಪೊರೆಯನ್ನು ನೀವು ನೋಡಿರುತ್ತೀರಿ. ಅದೇ ಫೇಶಿಯಾ. ನಮ್ಮ ಮೈಯಲ್ಲೂ ಪ್ರತಿ ಸ್ನಾಯುವನ್ನು ಅದು ಸುತ್ತಿಕೊಂಡಿದೆ. ಹಿಮ್ಮಡಿಯ ಅಡಿಯಲ್ಲಿ ದಪ್ಪ ಪಟ್ಟಿಯಾಗಿದೆ, ಸೊಂಟದ ಹಿಂದೆ ಅಗಲ ಹಾಳೆಯಾಗಿ ಹರಡಿದೆ. ಕೊಲಾಜೆನ್ ಎಳೆಗಳ ಈ ಪದರಗಳ ನಡುವೆ ಹಯಲುರೊನಾನ್ ಎಂಬ ಜಾರುಪದಾರ್ಥ ಇದ್ದು, ಒಂದು ಪದರ ಇನ್ನೊಂದರ ಮೇಲೆ ಸಲೀಸಾಗಿ ಸರಿಯುತ್ತದೆ. ನರದ ತುದಿಗಳೂ ಅಲ್ಲಿ ಧಾರಾಳ. ಚಿಕಿತ್ಸಕರು ಎಣ್ಣೆ ಹಚ್ಚುವುದಿಲ್ಲ, ಹಚ್ಚಿದರೆ ಕೈ ಜಾರುತ್ತದೆ. ಬಿಗಿದ ಜಾಗವನ್ನು ಬೆರಳಿಂದಲೋ ಅಂಗೈಯಿಂದಲೋ ಹಿಡಿದು, ಮೆಲ್ಲಗೆ ಒತ್ತಿ ಎಳೆದು, ಒಂದೂವರೆ ಎರಡು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಹಾಗೇ ಕಾಯುತ್ತಾರೆ. ಕೈ ಕೆಳಗೆ ಬಿಗಿ ಸಡಿಲುತ್ತದೆ, ಕತ್ತು ಆ ಕಡೆ ಈ ಕಡೆ ಇನ್ನಷ್ಟು ತಿರುಗುತ್ತದೆ.

ಇಲ್ಲಿಗೆ ಮಾತು ನಿಲ್ಲಿಸಿದರೆ ವ್ಯಾಪಾರ ಚೆನ್ನಾಗಿ ನಡೆಯುತ್ತದೆ. ನಾವು ನಿಲ್ಲಿಸುವುದಿಲ್ಲ.

“ನಿಮ್ಮ ಫೇಶಿಯಾ ಅಂಟಿಕೊಂಡಿದೆ, ನಾನು ಬಿಡಿಸಿದೆ” ಎನ್ನುವವರು ಊರ ತುಂಬ ಇದ್ದಾರೆ. 2008ರಲ್ಲಿ ಸಂಶೋಧಕರು ಗಣಿತದ ಮಾದರಿ ಕಟ್ಟಿ ಲೆಕ್ಕ ಹಾಕಿದ್ದರು: ತೊಡೆಯ ಹೊರಮಗ್ಗುಲಿನ ಮತ್ತು ಅಂಗಾಲಿನ ಗಟ್ಟಿ ಫೇಶಿಯಾವನ್ನು ಶೇ 1ರಷ್ಟು ಕುಗ್ಗಿಸಲು ಬೇಕಾದ ಬಲ ಮನುಷ್ಯನ ಕೈ ಕೊಡಬಲ್ಲ ಬಲಕ್ಕಿಂತ ಬಹಳ ಹೆಚ್ಚು. ಅಂದಮೇಲೆ ಅಲ್ಲಿ ಏನನ್ನೋ ಹರಿದೆ, ಕರಗಿಸಿದೆ ಎಂಬ ಮಾತು ನಿಲ್ಲುವುದಿಲ್ಲ. ನೋವು ಇಳಿದದ್ದು ಸುಳ್ಳೇ? ಅಲ್ಲ. ನಿಧಾನವಾದ ಒತ್ತಡಕ್ಕೆ ನರಮಂಡಲ ಪ್ರತಿಕ್ರಿಯಿಸುತ್ತದೆ, ಸ್ನಾಯು ತನ್ನ ಕಾವಲು ಸಡಿಲಿಸುತ್ತದೆ, ಎಳೆತವನ್ನು ತಾಳುವ ಶಕ್ತಿ ಸ್ವಲ್ಪ ಹೊತ್ತು ಹೆಚ್ಚುತ್ತದೆ. ಇಂದು ಹೆಚ್ಚು ಒಪ್ಪುವಂತಿರುವ ವಿವರಣೆ ಇದು. ಹಳೆಯ ಸೊಂಟನೋವಿನ ಮೇಲೆ ನಡೆದ ಪ್ರಯೋಗಗಳಲ್ಲಿ ಒಂದಿಷ್ಟು ಲಾಭ ಕಂಡಿದೆ, ಪವಾಡ ಕಂಡಿಲ್ಲ. ಫೋಮ್ ರೋಲರ್ ಉರುಳಿಸಿ ಸಿಗುವ ಸಡಿಲಿಕೆಯಂತೂ ಅರ್ಧ ಗಂಟೆ ಉಳಿದರೆ ಹೆಚ್ಚು.

ಆ ಸ್ವಲ್ಪ ಹೊತ್ತೇ ನಮಗೆ ಮುಖ್ಯ. ನೋವು ಇಳಿದ ಆ ಗಳಿಗೆಯಲ್ಲಿ ರೋಗಿಯನ್ನು ಮಂಚದಿಂದ ಎಬ್ಬಿಸಿ ಬಗ್ಗಿಸಿ, ನಡೆಸಿ, ಕೊಡ ಎತ್ತಿಸಿ ತೋರಿಸಬೇಕು. ಹೆದರಿಕೆಯಿಂದ ಮೈ ಬಿಗಿಹಿಡಿದವರಿಗೆ “ಬಗ್ಗಬಹುದು” ಎಂಬ ಧೈರ್ಯ ಬರುವುದು ಆಗಲೇ. ಕೈಯೊತ್ತು ಮಾಡಿ, ಫೀಸು ತಗೊಂಡು, “ಮುಂದಿನ ವಾರ ಬನ್ನಿ” ಎಂದು ಕಳಿಸುವವರು ಅರ್ಧ ಕೆಲಸ ಮಾಡಿ ಪೂರ್ತಿ ಹಣ ಪಡೆದವರು.

ಈ ವಿದ್ಯೆಗೆ ಹಿರಿಯರಿದ್ದಾರೆ. ಜೀವರಸಾಯನ ಓದಿ 1920ರಲ್ಲಿ ಡಾಕ್ಟರೇಟ್ ಪಡೆದ ಐಡಾ ರಾಲ್ಫ್ ಫೇಶಿಯಾಕ್ಕೆ ಕೈ ಹಚ್ಚಿ ಒಂದು ಪದ್ಧತಿಯನ್ನೇ ಕಟ್ಟಿದರು. ಅಧ್ಯಕ್ಷ ಕೆನಡಿಯ ಬೆನ್ನುನೋವು ನೋಡುತ್ತಿದ್ದ ವೈದ್ಯೆ ಜಾನೆಟ್ ಟ್ರಾವೆಲ್, ಡೇವಿಡ್ ಸೈಮನ್ಸ್ ಜೊತೆ ಸೇರಿ 1983ರಲ್ಲಿ, ಸ್ನಾಯುವಿನೊಳಗೆ ಒತ್ತಿದರೆ ನೋಯುವ ಗಂಟುಗಳ, ಅಂದರೆ ಟ್ರಿಗರ್ ಪಾಯಿಂಟ್‌ಗಳ ದೊಡ್ಡ ಕೈಪಿಡಿ ತಂದರು. ಅದರ ಕೆಲವು ಮಾತುಗಳ ಬಗ್ಗೆ ವೈದ್ಯರ ನಡುವೆ ಇಂದಿಗೂ ಜಗಳವಿದೆ. ರಾಲ್ಫ್ ಪದ್ಧತಿ ವಿಪರೀತ ನೋವು ಕೊಡುತ್ತದೆಂದು ಹೆಸರಾಗಿತ್ತು. ನಮ್ಮಲ್ಲೂ “ಜೋರಾಗಿ ಒತ್ತಿದರೇ ಗುಣ” ಎನ್ನುವವರು ಕಡಿಮೆಯಿಲ್ಲ. ಮೊಮ್ಮಗನನ್ನು ಕರೆದು ಬೆನ್ನು ತುಳಿಸಿಕೊಂಡ ಅಜ್ಜನಿಗೆ ಸಿಕ್ಕ ಸುಖವನ್ನು ನಾವು ಅಲ್ಲಗಳೆಯುವುದಿಲ್ಲ. ಗರಡಿಮನೆಯ ಮಾಲೀಸನ್ನೂ ಬಾಣಂತಿಗೆ ಎಣ್ಣೆ ನೀವುವ ಕೈಯನ್ನೂ ಗೌರವಿಸುತ್ತೇವೆ. ಆದರೆ ಮೈ ನೀಲಿಗಟ್ಟುವಂತೆ ಒತ್ತುವುದನ್ನು ಚಿಕಿತ್ಸೆ ಎಂದು ಕರೆಯಲು ನಾವು ಒಪ್ಪುವುದಿಲ್ಲ.

ಸ್ಕ್ಯಾನಿನ ಹೆದರಿಕೆಗೂ ನಮ್ಮ ವಿರೋಧವಿದೆ. “ಡಿಸ್ಕ್ ಸವೆದಿದೆ” ಎಂಬ ಒಂದು ಸಾಲು ಓದಿ ಗದ್ದೆಗಿಳಿಯುವುದನ್ನೇ ಬಿಟ್ಟವರು ನಮ್ಮ ನಡುವೆ ಇದ್ದಾರೆ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟು ಹಾಕಿ ನೋಡಿದ 2015ರ ಪರಾಮರ್ಶೆಯೊಂದರಲ್ಲಿ, ಇಪ್ಪತ್ತರ ಪ್ರಾಯದವರಲ್ಲೇ ಶೇ 37 ಜನರಿಗೆ ಡಿಸ್ಕ್ ಸವೆತ ಕಂಡಿತ್ತು. ಎಂಬತ್ತರವರಲ್ಲಿ ಶೇ 96. ಕೂದಲು ನರೆಯುವುದನ್ನು ಯಾರೂ ರೋಗವೆನ್ನುವುದಿಲ್ಲ. ಹಾಗಂತ ಸ್ಕ್ಯಾನ್ ಬೇಡವೇ ಬೇಡ ಎಂದಲ್ಲ. ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ, ಕಾಲಿನ ಬಲ ಕುಂದುತ್ತಾ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ಜ್ವರದೊಂದಿಗೆ ಬೆನ್ನು ನೋವಾದರೆ ನಮ್ಮ ಬಳಿ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ಯಾರಿಂದಲೂ ಒತ್ತಿಸಿಕೊಳ್ಳಬೇಡಿ, ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಮೂಳೆ ಟೊಳ್ಳಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ನಾವೂ ಕೇಳದೆ ಮುಟ್ಟುವುದಿಲ್ಲ.

ನಮ್ಮವರಿಗೆ ನಾವೇ ಹಾಕಿಕೊಂಡ ಕಟ್ಟಳೆ: ದರ ಬಾಗಿಲಲ್ಲೇ ಬರೆದಿರಬೇಕು. ಇಪ್ಪತ್ತು ಸಿಟ್ಟಿಂಗಿನ ಪ್ಯಾಕೇಜನ್ನು ಮುಂಗಡ ಮಾರಕೂಡದು. ಕೆಲವು ಭೇಟಿಗಳಲ್ಲಿ ಫಲ ಕಾಣದಿದ್ದರೆ “ಇದು ನನ್ನ ಕೈಯಲ್ಲಿ ಆಗಲಿಲ್ಲ” ಎಂದು ಹೇಳಿ ಬೇರೆಯವರಲ್ಲಿಗೆ ಕಳಿಸಬೇಕು. ಮನೆಯಲ್ಲಿ ಟೆನಿಸ್ ಚೆಂಡನ್ನು ಗೋಡೆಗೆ ಒತ್ತಿ ಬೆನ್ನಿನ ಬಿಗಿ ಸಡಿಲಿಸುವುದನ್ನು ಮೊದಲ ದಿನವೇ ಕಲಿಸಿಕೊಡಬೇಕು, ಗಿರಾಕಿ ಕಡಿಮೆಯಾದರೂ ಸರಿ. ವಾರಾಂತ್ಯದ ಸರ್ಟಿಫಿಕೇಟ್ ತೂಗುಹಾಕಿ ಡಾಕ್ಟರ್ ಎಂದು ಕರೆಸಿಕೊಳ್ಳುವವರಿಗೆ ನಮ್ಮಲ್ಲಿ ಜಾಗವಿಲ್ಲ. ಫಿಸಿಯೋಥೆರಪಿಯನ್ನೂ ಒಳಗೊಂಡ ಆರೋಗ್ಯ ವೃತ್ತಿಗಳ ಕಾಯ್ದೆ 2021ರಲ್ಲೇ ಬಂದಿದೆ. ಅದರ ನೋಂದಣಿಯನ್ನು ನಮ್ಮವರೆಲ್ಲ ಪಡೆಯಬೇಕು.

ಇನ್ನು ಸರ್ಕಾರಕ್ಕೂ ಮಾಲೀಕರಿಗೂ. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯ ಕಾರ್ಮಿಕರ ಸಂಬಳದಿಂದ ಶೇ 0.75, ಮಾಲೀಕರಿಂದ ಶೇ 3.25 ವಂತಿಗೆ ಪ್ರತಿ ತಿಂಗಳೂ ಹೋಗುತ್ತದೆ. ಆ ಹಣದ ಹಕ್ಕಿನಿಂದ ಕೇಳುತ್ತೇವೆ: ಪ್ರತಿ ಇಎಸ್‌ಐ ಚಿಕಿತ್ಸಾಲಯದಲ್ಲೂ ಫಿಸಿಯೋಥೆರಪಿಸ್ಟ್ ಇರಲಿ, ಸಂಜೆ ಪಾಳಿ ಬಿಟ್ಟ ಮೇಲೂ ಸಿಗಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2010ರಲ್ಲಿ ಪರಿಷ್ಕರಿಸಿದ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ ಸ್ನಾಯು ಮತ್ತು ಮೂಳೆಯ ಬೇನೆಗಳಿಗೇ ಒಂದು ಭಾಗವಿದೆ. ನಮ್ಮ ಪರಿಹಾರದ ಕಾನೂನುಗಳೂ ಅಷ್ಟು ದೂರ ಬರಲಿ. ನಿಂತು ಕೆಲಸ ಮಾಡುವವರಿಗೆ ಕೂರುವ ಅನುಕೂಲ ಮಾಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮಿನಲ್ಲೇ ಬರೆದಿತ್ತು. ಚೆಕಿಂಗ್ ಟೇಬಲ್ಲಿನ ಮುಂದೆ ನಿಂತಿರುವವರನ್ನು ಹೋಗಿ ಕೇಳಿ, ಸ್ಟೂಲು ಎಲ್ಲಿದೆ ಎಂದು. ಹೊಲಿಯುವವರಿಗೆ ಒರಗು ಇರುವ ಕುರ್ಚಿ, ಗಂಟೆಗೊಮ್ಮೆ ಎದ್ದು ಮೈಮುರಿಯಲು ಕೆಲವು ನಿಮಿಷ, ಆ ನಿಮಿಷಗಳನ್ನು ಟಾರ್ಗೆಟ್‌ನಿಂದ ಕಳೆಯುವ ಲೆಕ್ಕ, ಇವಿಷ್ಟೂ ಬೇಕು. ಇವಿಲ್ಲದೆ ಎಷ್ಟು ಒತ್ತಿದರೂ ಸೋಮವಾರ ಬೆಳಿಗ್ಗೆ ನೋವು ವಾಪಸ್.

ಸೇರಲು ಶುಲ್ಕವಿಲ್ಲ. ಈ ವಾರ ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಇಎಸ್‌ಐ ಚಿಕಿತ್ಸಾಲಯಕ್ಕೋ ಹೋಗಿ, ಇಲ್ಲಿ ಫಿಸಿಯೋಥೆರಪಿ ಯಾವ ದಿನ, ಎಷ್ಟು ಗಂಟೆಗೆ ಎಂದು ಕೇಳಿ. ಇಲ್ಲ ಎಂದರೆ ಆ ಉತ್ತರವನ್ನು ಬರವಣಿಗೆಯಲ್ಲಿ ಪಡೆದು ನಮಗೆ ತಲುಪಿಸಿ.