ಅಂಗಡಿಯ ಓಟಿ ಲೆಕ್ಕ: ಮಾಲೀಕರು ಎಡವುವುದು ಎಲ್ಲಿ?

ಹಬ್ಬ, ಮದುವೆಯ ದಿನಗಳು ಬಂದರೆ ಬಟ್ಟೆ, ಪಾತ್ರೆ, ಬೆಳ್ಳಿ-ಬಂಗಾರದ ಅಂಗಡಿಗಳು ರಾತ್ರಿ ಒಂಬತ್ತೂವರೆ, ಹತ್ತರವರೆಗೂ ತೆರೆದಿರುತ್ತವೆ. ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆ, ಮೈಸೂರು ಮುಂತಾದ ಕಡೆ ಸಮಾಜದ ಅನೇಕ ಕುಟುಂಬಗಳು ತಲೆಮಾರುಗಳಿಂದ ಇಂಥ ವ್ಯಾಪಾರ ನಡೆಸುತ್ತಿವೆ. ಹಳೆಯ ಪದ್ಧತಿ ಸರಳವಾದದ್ದು. ತಿಂಗಳಿಗೆ ಇಷ್ಟು ಸಂಬಳ, ಸೀಸನ್ ಮುಗಿದ ಮೇಲೆ ಒಂದು ಜೊತೆ ಬಟ್ಟೆ, ಸಿಹಿ ಡಬ್ಬಿ, ಕೈಗೆ ಒಂದಿಷ್ಟು ಹಣ. ಇಬ್ಬರ ನಡುವೆ ವಿಶ್ವಾಸ ಇರುವವರೆಗೆ ಯಾರೂ ಗಂಟೆಗಳ ಲೆಕ್ಕ ಕೇಳುವುದಿಲ್ಲ. ಆದರೆ ಉಡುಗೊರೆ ಎಷ್ಟೇ ಧಾರಾಳವಾಗಿರಲಿ, ಕಾನೂನಿನ ಪ್ರಕಾರ ಅದು ಓಟಿ ಅಲ್ಲ. ಬೋನಸ್ ಕೂಡ ಓಟಿ ಅಲ್ಲ.

ಈ ವಿಷಯ ಈಗ ಹೆಚ್ಚು ಮುಖ್ಯವಾಗಲು ಕಾರಣವಿದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ 2019ರ ವೇತನ ಸಂಹಿತೆ ಕನಿಷ್ಠ ವೇತನ, ವೇತನ ಪಾವತಿ, ಬೋನಸ್ ಮತ್ತು ಸಮಾನ ವೇತನದ ಹಳೆಯ ಕಾಯ್ದೆಗಳ ಜಾಗಕ್ಕೆ ಬಂದಿದೆ. ಹಾಗೆಂದು ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ರದ್ದಾಗಿಲ್ಲ. ಅಂಗಡಿ ಮಾಲೀಕರು ಎರಡನ್ನೂ ಪಾಲಿಸಬೇಕು.

ಹೆಚ್ಚಿನವರು ಎಡವುವುದು ಕೆಲಸದ ವೇಳೆಯಲ್ಲಿ. 'ದಿನಕ್ಕೆ ಒಂಬತ್ತು ಗಂಟೆ ಇದೆಯಲ್ಲ' ಎಂಬ ಮಾತು ಅರ್ಧ ಮಾತ್ರ ಸರಿ. 1961ರ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆಯ ಜೊತೆಗೆ ವಾರಕ್ಕೆ 48 ಗಂಟೆಯ ಮಿತಿಯೂ ಇದೆ. ಆರು ದಿನ ಒಂಬತ್ತು ಗಂಟೆಯಂತೆ ದುಡಿದರೆ 54 ಗಂಟೆ ಆಗುತ್ತದೆ, ಅಂದರೆ ಸೀಸನ್ ಇಲ್ಲದ ವಾರದಲ್ಲೂ ಆರು ಗಂಟೆ ಓಟಿ. ಓಟಿ ಸೇರಿ ದಿನಕ್ಕೆ 10 ಗಂಟೆ ಮೀರಬಾರದು; ದಾಸ್ತಾನು ಎಣಿಕೆ ಮತ್ತು ಲೆಕ್ಕಪತ್ರದ ದಿನಗಳಿಗಷ್ಟೇ ವಿನಾಯಿತಿ. ಸತತ ಮೂರು ತಿಂಗಳಲ್ಲಿ ಒಟ್ಟು ಓಟಿ 50 ಗಂಟೆ ದಾಟುವಂತಿಲ್ಲ. ವಾರಕ್ಕೆ ಆರು ಗಂಟೆಯಂತೆ 13 ವಾರಕ್ಕೆ 78 ಗಂಟೆ ಆಗುತ್ತದೆ. ಹಣ ಪೂರ್ತಿ ಕೊಟ್ಟರೂ ಇದು ಉಲ್ಲಂಘನೆಯೇ. ಬೆಳಿಗ್ಗೆ ಹತ್ತಕ್ಕೆ ಬಂದವರನ್ನು ಒಂದು ಗಂಟೆ ಬಿಡುವು ಕೊಟ್ಟು ರಾತ್ರಿ ಒಂಬತ್ತೂವರೆವರೆಗೆ ನಿಲ್ಲಿಸಿಕೊಂಡರೆ ಹತ್ತೂವರೆ ಗಂಟೆಯ ಕೆಲಸ. ಸೀಸನ್‌ನಲ್ಲಿ ಇಬ್ಬರನ್ನು ಮಧ್ಯಾಹ್ನ ಹನ್ನೆರಡಕ್ಕೆ ಬರಹೇಳಿ ಪಾಳಿ ಮಾಡುವುದು ಇದಕ್ಕಿಂತ ಅಗ್ಗ.

ಕೆಲಸದ ವೇಳೆಯನ್ನು 10 ಗಂಟೆಗೆ, ಓಟಿ ಸೇರಿ 12 ಗಂಟೆಗೆ ಏರಿಸುವ ಪ್ರಸ್ತಾಪ 2025ರ ಜೂನ್‌ನಲ್ಲಿ ರಾಜ್ಯದಲ್ಲಿ ಚರ್ಚೆಗೆ ಬಂದಿತ್ತು; ನೌಕರರ ಸಂಘಟನೆಗಳು ಬಲವಾಗಿ ವಿರೋಧಿಸಿದವು. ಪತ್ರಿಕೆಯಲ್ಲಿ ಓದಿದ ಪ್ರಸ್ತಾಪವನ್ನೇ ಕಾನೂನೆಂದು ತಿಳಿದು ವೇಳಾಪಟ್ಟಿ ಬದಲಿಸುವುದು ಅಪಾಯ.

ಓಟಿ ದರ ಸಾಮಾನ್ಯ ವೇತನದ ಎರಡರಷ್ಟು. ತಿಂಗಳಿಗೆ 20,800 ರೂಪಾಯಿ ವೇತನದವರನ್ನು ತೆಗೆದುಕೊಳ್ಳೋಣ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 800, ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 100. ಓಟಿಗೆ ಗಂಟೆಗೆ 200 ರೂಪಾಯಿ. ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನಕ್ಕೆ 4,000 ರೂಪಾಯಿ. ಸೀಸನ್ ವ್ಯಾಪಾರದ ಮುಂದೆ ಇದು ದೊಡ್ಡ ಮೊತ್ತವೇನಲ್ಲ. ಕೊಡದೆ ಉಳಿಸಿಕೊಂಡದ್ದು ವರ್ಷಗಟ್ಟಲೆ ಸೇರಿದಾಗ ಮಾತ್ರ ದೊಡ್ಡದಾಗುತ್ತದೆ.

ಮೂಲ ವೇತನ ಕಡಿಮೆ ತೋರಿಸಿ ಭತ್ಯೆ ಹೆಚ್ಚಿಸುವ ಉಪಾಯಕ್ಕೂ ಈಗ ಮಿತಿ ಬಿದ್ದಿದೆ. ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದ ಭಾಗ ವೇತನಕ್ಕೇ ಸೇರುತ್ತದೆ. 40,000 ರೂಪಾಯಿಯಲ್ಲಿ 26,000 ಭತ್ಯೆ ಎಂದು ಬರೆದರೆ 6,000 ರೂಪಾಯಿ ವೇತನಕ್ಕೆ ಸೇರಿ, ವೇತನ 20,000 ಎಂದು ಪರಿಗಣಿತವಾಗುತ್ತದೆ. ಇನ್ನು, ಮಾರಾಟದ ಹುಡುಗನಿಗೆ 'ಮ್ಯಾನೇಜರ್' ಎಂದು ಹೆಸರು ಕೊಟ್ಟ ಮಾತ್ರಕ್ಕೆ ಅವನು ಓಟಿಯಿಂದ ಹೊರಗುಳಿಯುವುದಿಲ್ಲ. ನೋಡುವುದು ಅವನು ಮಾಡುವ ಕೆಲಸವನ್ನು.

ಬಾಕಿ ವೇತನಕ್ಕೆ ಅರ್ಜಿ ಹಾಕಲು ಹಿಂದೆ ಕನಿಷ್ಠ ವೇತನ ಕಾಯ್ದೆಯಲ್ಲಿ ಆರು ತಿಂಗಳ ಗಡುವಿತ್ತು. ಈಗ ಮೂರು ವರ್ಷ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು. ಕಡಿಮೆ ಕೊಟ್ಟದ್ದಕ್ಕೆ 50,000 ರೂಪಾಯಿವರೆಗೆ ದಂಡ. ಐದು ವರ್ಷದೊಳಗೆ ಮತ್ತೆ ತಪ್ಪಿದರೆ ಮೂರು ತಿಂಗಳವರೆಗೆ ಜೈಲು ಇಲ್ಲವೇ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಹಣ ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕರದು. ನಿಜವಾಗಿ ಕೊಟ್ಟವರೂ ಇಲ್ಲಿ ಸೋಲುತ್ತಾರೆ, ಏಕೆಂದರೆ ಗಲ್ಲಾಪೆಟ್ಟಿಗೆಯಿಂದ ಕೈಗೆ ಕೊಟ್ಟ ನೋಟಿಗೆ ಸಾಕ್ಷಿ ಇರುವುದಿಲ್ಲ. ಬಂದ ಮತ್ತು ಹೊರಟ ಹೊತ್ತು ಬರೆದ ಹಾಜರಿ ಪುಸ್ತಕ, ಓಟಿಗೆ ಬೇರೆ ಸಾಲಿರುವ ಸಂಬಳ ಚೀಟಿ, ಬ್ಯಾಂಕ್ ಮೂಲಕ ಪಾವತಿ ಇವಿಷ್ಟಿದ್ದರೆ ಹೆಚ್ಚಿನ ತಕರಾರು ಹುಟ್ಟುವುದೇ ಇಲ್ಲ.

ಕೆಲಸ ಬಿಟ್ಟವರ ವಿಷಯದಲ್ಲೂ ಹಳೆಯ ಅಭ್ಯಾಸ ಬದಲಾಗಬೇಕಿದೆ. ಒಂದು ತಿಂಗಳ ಸಂಬಳ ಹಿಡಿದಿಟ್ಟುಕೊಂಡು 'ಲೆಕ್ಕ ಮುಗಿದ ಮೇಲೆ ಬಾ' ಎನ್ನುವುದು ಪೇಟೆಯಲ್ಲಿ ಸಾಮಾನ್ಯ. ವೇತನ ಸಂಹಿತೆಯಂತೆ ರಾಜೀನಾಮೆ ಕೊಟ್ಟವರಿಗೂ ತೆಗೆದುಹಾಕಿದವರಿಗೂ ಎರಡು ಕೆಲಸದ ದಿನಗಳೊಳಗೆ ಬಾಕಿ ಕೊಡಬೇಕು. ಉಳಿದವರಿಗೆ ಮುಂದಿನ ತಿಂಗಳ ಏಳನೇ ತಾರೀಖಿನೊಳಗೆ. ಹೊಸ ಹಣಕಾಸು ವರ್ಷದ ಲೆಕ್ಕ ತೆರೆಯುವಾಗ ಇನ್ನೊಂದು ಕೆಲಸವಿದೆ. ರಾಜ್ಯದ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ರಿಂದ ಬದಲಾಗುತ್ತದೆ, ದರವೂ ವಲಯದಿಂದ ವಲಯಕ್ಕೆ ಬೇರೆ. ಬೆಂಗಳೂರಿನಲ್ಲಿ ಶಾಖೆ ತೆರೆದ ತಾಲ್ಲೂಕು ಕೇಂದ್ರದ ವ್ಯಾಪಾರಿಗಳು ಊರಿನ ದರವನ್ನೇ ಅಲ್ಲಿಗೂ ಬರೆದುಕೊಂಡಿದ್ದರೆ, ಮೊದಲು ತಿದ್ದಬೇಕಾದ ಸಾಲು ಅದು.