ಗಣಕಯಂತ್ರದ ಯೋಗ್ಯತೆಯನ್ನು ಅಳೆಯುವ ಬಗೆ

ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ ಎಂಬ ಗಾದೆ ನಮ್ಮಲ್ಲಿ ಬಲು ಹಳೆಯದು. ಪ್ರಾಣಿಗಳ ವಿಷಯದಲ್ಲಿ ಎಲ್ಲರೂ ಒಪ್ಪುವ ಈ ಮಾತನ್ನು ಯಂತ್ರಗಳ ವಿಷಯದಲ್ಲಿ ಮಾತ್ರ ನಾವು ಮರೆತುಬಿಡುತ್ತೇವೆ. ಗಣಕಯಂತ್ರವನ್ನು ಕೊಳ್ಳುವ ಸಂದರ್ಭ ಒದಗಿದಾಗ, ಹೆಚ್ಚು ಕೋರ್‌ಗಳುಳ್ಳದ್ದು ಯಾವುದೋ ಅದೇ ಮೇಲು, ಸರ್ವರ್ ಎಂಬ ಹೆಸರುಳ್ಳದ್ದು ಯಾವುದೋ ಅದು ಎಲ್ಲಕ್ಕಿಂತ ಮೇಲು ಎಂಬ ಭಾವನೆ ನಮ್ಮ ಅನೇಕ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ದೊಡ್ಡ ಸಂಸ್ಥೆಗಳು ಬಳಸಿ ಬಿಟ್ಟ ಸರ್ವರ್ ಪ್ರೊಸೆಸರುಗಳು ಹಳೆಯ ಸಾಮಾನಿನ ಪೇಟೆಯಲ್ಲಿ ಅಗ್ಗವಾಗಿ ದೊರೆಯುವುದುಂಟು. ಲ್ಯಾಪ್‌ಟಾಪಿಗೆ ತೆರುವ ಹಣದಲ್ಲಿ ಅಂತಹುದೊಂದನ್ನೇ ಏಕೆ ಕೊಳ್ಳಬಾರದೆಂದು ತರಗತಿಯಲ್ಲಿ ನನ್ನನ್ನು ಕೇಳುವವರಿದ್ದಾರೆ. ಪ್ರಶ್ನೆ ಒಳ್ಳೆಯದೇ. ಸಾಧಾರಣ ಕುಟುಂಬಕ್ಕೆ ಈ ಹಣ ಅಲ್ಪವಾದುದಲ್ಲ. ಹಲವು ವೇಳೆ ಅದು ಸಾಲದ ಹಣ. ಆದುದರಿಂದ ಉತ್ತರವನ್ನು ಅಭಿಮಾನದಿಂದ ಹುಡುಕದೆ ಲೆಕ್ಕದಿಂದ ಹುಡುಕುವುದು ಯುಕ್ತ.

ಹೋಲಿಕೆ ನ್ಯಾಯವಾಗಿರಬೇಕಾದರೆ ಹೋಲಿಸುವ ವಸ್ತುಗಳು ಒಂದೇ ಕುಲದವಾಗಿರಬೇಕು. ಹತ್ತು ವರ್ಷದ ಹಿಂದಿನ ಸರ್ವರನ್ನು ನಿನ್ನೆ ಬಂದ ಲ್ಯಾಪ್‌ಟಾಪಿನೊಡನೆ ತೂಗಿದರೆ, ನಾವು ತೂಗುವುದು ಕಾಲದ ಅಂತರವನ್ನೇ ಹೊರತು ವಿನ್ಯಾಸದ ಅಂತರವನ್ನಲ್ಲ. ಅದೃಷ್ಟವಶಾತ್ ನಮ್ಮ ಉದ್ದೇಶಕ್ಕೆ ಹೇಳಿ ಮಾಡಿಸಿದಂತಹ ಜೋಡಿಯೊಂದಿದೆ. ಎ.ಎಂ.ಡಿ. ಸಂಸ್ಥೆಯು 2019ರ ಆಗಸ್ಟಿನಲ್ಲಿ ಎಪಿಕ್ 7742 ಎಂಬ ಸರ್ವರ್ ಪ್ರೊಸೆಸರನ್ನೂ, 2020ರ ಜನವರಿಯಲ್ಲಿ ರೈಜನ್ 7 4800ಯು ಎಂಬ ಲ್ಯಾಪ್‌ಟಾಪ್ ಪ್ರೊಸೆಸರನ್ನೂ ಪ್ರಕಟಿಸಿತು. ಇವುಗಳ ಬಳಿಕ ಹೊಸ ಪೀಳಿಗೆಗಳು ಬಂದುಹೋಗಿವೆ, ನಿಜ. ಆದರೆ ಎರಡರಲ್ಲಿಯೂ ಇರುವುದು ಝೆನ್ 2 ಎಂಬ ಒಂದೇ ಬಗೆಯ ಕೋರ್. ಎರಡರ ಕೋರ್‌ಗಳೂ ತಯಾರಾದುದು ತೈವಾನಿನ ಟಿ.ಎಸ್.ಎಂ.ಸಿ. ಕಾರ್ಖಾನೆಯ 7 ನ್ಯಾನೋಮೀಟರ್ ವಿಧಾನದಲ್ಲಿ. ಒಂದೇ ಬಗೆಯ ಇಟ್ಟಿಗೆಯಿಂದ ಒಂದು ಅರಮನೆಯನ್ನೂ ಒಂದು ಮನೆಯನ್ನೂ ಕಟ್ಟಿದಂತಾಯಿತು. ಕಟ್ಟಡದ ಗುಣವೇನು ಎಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ?

ಮೊದಲು ಮೇಲ್ನೋಟದ ಅಂಕಿಗಳನ್ನು ನೋಡೋಣ. ಸರ್ವರ್ ಪ್ರೊಸೆಸರಿನಲ್ಲಿ 64 ಕೋರ್‌ಗಳು. ಅವುಗಳ ಮೂಲ ವೇಗ 2.25 ಗಿಗಾಹರ್ಟ್ಜ್. ಲ್ಯಾಪ್‌ಟಾಪಿನದರಲ್ಲಿ 8 ಕೋರ್‌ಗಳು. ಮೂಲ ವೇಗ 1.8 ಗಿಗಾಹರ್ಟ್ಜ್. ಝೆನ್ 2 ಕೋರ್ ಪ್ರತಿಯೊಂದು ಮಿಡಿತಕ್ಕೂ ದಶಾಂಶ ಸಂಖ್ಯೆಗಳ 16 ಗಣನೆಗಳನ್ನು ಗರಿಷ್ಠಪಕ್ಷ ಮಾಡಬಲ್ಲುದು. ಈ ಮೂರನ್ನೂ ಗುಣಿಸಿದರೆ, ಮೂಲ ವೇಗದಲ್ಲಿ ಸರ್ವರಿನ ಮೇಲ್ಮಿತಿ ಸೆಕೆಂಡಿಗೆ 2,30,400 ಕೋಟಿ ಗಣನೆಗಳು. ಲ್ಯಾಪ್‌ಟಾಪಿನದು 23,040 ಕೋಟಿ. ಅಂದರೆ ಸರ್ವರಿನ ಶಕ್ತಿ ಸರಿಯಾಗಿ ಹತ್ತು ಪಟ್ಟು. ಆದರೆ ಅವುಗಳಿಗೆ ನಿಗದಿಯಾದ ಉಷ್ಣಮಿತಿಯನ್ನು ನೋಡಿರಿ: ಒಂದಕ್ಕೆ 225 ವ್ಯಾಟ್, ಇನ್ನೊಂದಕ್ಕೆ 15 ವ್ಯಾಟ್. ಹದಿನೈದು ಪಟ್ಟು! ಹತ್ತು ಪಟ್ಟು ಕೆಲಸಕ್ಕೆ ಹದಿನೈದು ಪಟ್ಟು ಶಾಖ. ಉಷ್ಣಮಿತಿಯೆಂಬುದು ವಿದ್ಯುತ್ ಮೀಟರಿನ ನಿಷ್ಕೃಷ್ಟ ಅಂಕಿಯಲ್ಲ, ತಂಪುಗೊಳಿಸುವ ವ್ಯವಸ್ಥೆಗೆ ಕೊಟ್ಟ ಗುರಿ ಮಾತ್ರ. ಆದರೂ ಮಿತವ್ಯಯದಲ್ಲಿ ಚಿಕ್ಕದು ದೊಡ್ಡದಕ್ಕೆ ಸೋಲುವುದಿಲ್ಲ ಎಂಬುದನ್ನು ತೋರಿಸಲು ಇಷ್ಟು ಸಾಕು. ಸರ್ವರಿನ ವ್ಯಾಟುಗಳಲ್ಲಿ ಒಂದು ಭಾಗವನ್ನು ಕೋರ್‌ಗಳಿಗೆ ಬದಲು ಹೊರಗಿನ ಸಂಪರ್ಕಗಳನ್ನು ನಿರ್ವಹಿಸುವ ಪ್ರತ್ಯೇಕ ಚಿಪ್ ಉಪಯೋಗಿಸಿಕೊಳ್ಳುತ್ತದೆಂಬುದನ್ನೂ ನೆನಪಿನಲ್ಲಿಡಬೇಕು.

ಹಾಗಾದರೆ ತಯಾರಕರು ಅರವತ್ತನಾಲ್ಕು ನಿಧಾನದ ಕೋರ್‌ಗಳಿಗೆ ಬದಲಾಗಿ ಕೆಲವೇ ಅತಿವೇಗದ ಕೋರ್‌ಗಳನ್ನು ಏಕೆ ಇಡಲಿಲ್ಲ? ಇದಕ್ಕೆ ಉತ್ತರ ಭೌತಶಾಸ್ತ್ರದಲ್ಲಿದೆ. ಟ್ರಾನ್ಸಿಸ್ಟರ್ ಮಂಡಲವೊಂದು ಮಿಡಿಯುವಾಗ ವ್ಯಯವಾಗುವ ಶಕ್ತಿಯು ವೋಲ್ಟೇಜಿನ ವರ್ಗಕ್ಕೂ ಆವರ್ತಾಂಕಕ್ಕೂ ಅನುಪಾತದಲ್ಲಿರುತ್ತದೆ. ಆವರ್ತಾಂಕವನ್ನು ಹೆಚ್ಚಿಸಬೇಕಾದರೆ ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ಆದಕಾರಣ ಸ್ಥೂಲವಾಗಿ ಹೇಳುವುದಾದರೆ, ವ್ಯಯವು ವೇಗದ ಘನಕ್ಕೆ ಅನುಸಾರವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಶಾಖ ಎಂಟು ಪಟ್ಟು. ಎರಡು ಪಟ್ಟು ವೇಗದ ಒಂದು ಕೋರ್ ಉಣ್ಣುವ ಶಕ್ತಿಯಿಂದ ಸಾಧಾರಣ ವೇಗದ ಎಂಟು ಕೋರ್‌ಗಳನ್ನು ಸಾಕಬಹುದು. ದೀರ್ಘಕಾಲದ ಭಾರೀ ಕೆಲಸಕ್ಕೆ ಹೆಚ್ಚು ಆಳುಗಳು, ಹದವಾದ ನಡಿಗೆ ಎಂಬ ನೀತಿ ಹುಟ್ಟಿದುದು ಹೀಗೆ.

ಲ್ಯಾಪ್‌ಟಾಪಿನ ನೀತಿ ಬೇರೆ. ಅದರ ಒಡೆಯನು ಬಹುಕಾಲ ಓದುತ್ತ, ಬರೆಯುತ್ತ, ಯೋಚಿಸುತ್ತ ಇರುತ್ತಾನೆ. ನಡುನಡುವೆ ಒಂದು ಗುಂಡಿಯನ್ನು ಒತ್ತಿ, ಕೂಡಲೇ ಉತ್ತರವನ್ನು ಬಯಸುತ್ತಾನೆ. ಆದುದರಿಂದ ಅದರ ಒಂದು ಕೋರ್ ಸ್ವಲ್ಪ ಹೊತ್ತು 4.2 ಗಿಗಾಹರ್ಟ್ಜ್‌ವರೆಗೆ ಓಡಬಲ್ಲುದು. ಸರ್ವರಿನ ಕೋರ್‌ಗೆ ಈ ಮಿತಿ 3.4 ಮಾತ್ರ. ಅಂದರೆ ಒಂದೇ ಕೋರ್ ಮಾಡಬಹುದಾದ ಅಲ್ಪಕಾಲದ ಕೆಲಸದಲ್ಲಿ, ಹೆಗಲಿಗೆ ತೂಗುಹಾಕಿಕೊಂಡು ಹೋಗುವ ಯಂತ್ರದ ಮಿಡಿತವೇ ಶೇಕಡಾ 23ರಷ್ಟು ಚುರುಕು! ಆದರೆ ಎಂಟು ಕೋರ್‌ಗಳಿಗೂ ಗಂಟೆಗಟ್ಟಲೆ ದುಡಿಮೆ ಬಿದ್ದರೆ ತೆಳ್ಳನೆಯ ಪೆಟ್ಟಿಗೆಯು ಶಾಖವನ್ನು ಹೊರದೂಡಲಾರದೆ ವೇಗವನ್ನು ತಗ್ಗಿಸುತ್ತದೆ. ಒಂದು ನೂರು ಮೀಟರ್ ಓಟಗಾರ, ಇನ್ನೊಂದು ಹೊರೆಯಾಳು. ಇವರಲ್ಲಿ ಶ್ರೇಷ್ಠರು ಯಾರೆಂದು ಕೇಳುವುದೇ ತಪ್ಪು.

ಕೆಲಸವನ್ನು ಹಂಚುವುದಕ್ಕೂ ಒಂದು ಮಿತಿಯಿದೆ. ಜೀನ್ ಆಮ್‌ಡಾಲ್ ಎಂಬ ಅಮೆರಿಕದ ತಜ್ಞನು 1967ರಲ್ಲಿ ಇದನ್ನು ಸ್ಪಷ್ಟಪಡಿಸಿದನು. ನಿಮ್ಮ ಗಣನೆಯಲ್ಲಿ ನೂರಕ್ಕೆ ತೊಂಬತ್ತು ಪಾಲನ್ನು ಹಂಚಬಹುದು, ಉಳಿದ ಹತ್ತು ಪಾಲನ್ನು ಒಬ್ಬನೇ ಮಾಡಬೇಕು ಎಂದಿಟ್ಟುಕೊಳ್ಳಿ. ಆಗ 8 ಕೋರ್‌ಗಳಿಂದ ದೊರೆಯುವ ವೇಗ ಒಂದು ಕೋರ್‌ನದರ 4.7 ಪಟ್ಟು, 64 ಕೋರ್‌ಗಳಿಂದ 8.8 ಪಟ್ಟು ಮಾತ್ರ. ಆಳುಗಳು ಎಂಟು ಪಟ್ಟಾದರೂ ಫಲ ಎರಡು ಪಟ್ಟೂ ಆಗಲಿಲ್ಲ. ಹಂಚಬಹುದಾದ ಪಾಲು ತೊಂಬತ್ತೊಂಬತ್ತಾದರೆ ಚಿತ್ರ ಬದಲಾಗುತ್ತದೆ: 8 ಕೋರ್‌ಗಳಿಗೆ 7.5, 64 ಕೋರ್‌ಗಳಿಗೆ 39. ಆದುದರಿಂದ ಯಂತ್ರದ ಬೆಲೆಯನ್ನು ವಿಚಾರಿಸುವ ಮುನ್ನ ನಮ್ಮ ಕೆಲಸದ ಸ್ವರೂಪವನ್ನು ವಿಚಾರಿಸಬೇಕು. ಮೊದಲ ಪದವಿಯ ವಿದ್ಯಾರ್ಥಿ ಬರೆಯುವ ಕ್ರಮವಿಧಿಗಳಲ್ಲಿ ಬಹುಪಾಲು ಒಂದೇ ಕೋರ್‌ನ ಮೇಲೆ ನಡೆಯುವಂತಹವು. ಮಿಕ್ಕ ಅರವತ್ತಮೂರು ಕೋರ್‌ಗಳು ಅವನ ಪಾಲಿಗೆ ಇದ್ದೂ ಇಲ್ಲದಂತೆ.

ಹಾಗಾದರೆ ಸರ್ವರಿನ ನಿಜವಾದ ಹಿರಿಮೆ ಎಲ್ಲಿದೆ? ನನ್ನ ಅಭಿಪ್ರಾಯದಲ್ಲಿ ಅದು ಕೋರ್‌ಗಳ ಎಣಿಕೆಗಿಂತಲೂ ಹೆಚ್ಚಾಗಿ ಸ್ಮೃತಿಯ ವ್ಯವಸ್ಥೆಯಲ್ಲಿದೆ. ಎಪಿಕ್ 7742 ತನ್ನ ಎಂಟು ಸ್ಮೃತಿಮಾರ್ಗಗಳ ಮೂಲಕ 4 ಟೆರಾಬೈಟ್‌ವರೆಗೆ ಸ್ಮೃತಿಯನ್ನು ಹೊಂದಬಲ್ಲುದು. ಲ್ಯಾಪ್‌ಟಾಪ್ ಪ್ರೊಸೆಸರಿಗೆ ಈ ಮಿತಿ 64 ಗಿಗಾಬೈಟ್. ಲಕ್ಷ ಅಡ್ಡಸಾಲು, ಲಕ್ಷ ಕಂಬಸಾಲುಗಳುಳ್ಳ ಮಾತೃಕೆಯೊಂದನ್ನು ಭಾವಿಸಿರಿ. ಪ್ರತಿಯೊಂದು ಸಂಖ್ಯೆಗೂ 8 ಬೈಟ್‌ನಂತೆ ಅದಕ್ಕೆ 80 ಗಿಗಾಬೈಟ್ ಸ್ಥಳ ಬೇಕು. ಕ್ವಾಂಟಮ್ ಶಾಸ್ತ್ರದ ಗಣನೆಗಳಲ್ಲಿ ಇಂತಹ ಮಾತೃಕೆಗಳು ಅಪರೂಪವಲ್ಲ. ಲ್ಯಾಪ್‌ಟಾಪ್ ಇಲ್ಲಿ ನಿಧಾನವಾಗಿ ನಡೆಯುವುದೆಂದಲ್ಲ, ಅದಕ್ಕೆ ಬಾಗಿಲೇ ಮುಚ್ಚಿದಂತೆ. ಇನ್ನೊಂದು ಸ್ವಾರಸ್ಯವೂ ಉಂಟು. ಸರ್ವರಿನ ಒಟ್ಟು ಸ್ಮೃತಿಪ್ರವಾಹ ಸೆಕೆಂಡಿಗೆ 204.8 ಗಿಗಾಬೈಟ್, ಅದೇ ಜಾತಿಯ ಸ್ಮೃತಿಯನ್ನು ಎರಡು ಮಾರ್ಗಗಳಲ್ಲಿ ಜೋಡಿಸಿದ ಲ್ಯಾಪ್‌ಟಾಪಿನದು 51.2. ಆದರೆ ಕೋರ್‌ಗೆ ಇಷ್ಟೆಂದು ಹಂಚಿದರೆ ಸರ್ವರಿಗೆ 3.2, ಲ್ಯಾಪ್‌ಟಾಪಿಗೆ 6.4! ಈ ಕೊರತೆಯನ್ನು ತುಂಬಲೆಂದೇ ಸರ್ವರಿನೊಳಗೆ 256 ಮೆಗಾಬೈಟ್ ಮೂರನೆಯ ಹಂತದ ಉಪಸ್ಮೃತಿಯನ್ನು ಇರಿಸಿದ್ದಾರೆ. ಲ್ಯಾಪ್‌ಟಾಪಿನಲ್ಲಿರುವುದು 8 ಮೆಗಾಬೈಟ್ ಅಷ್ಟೆ.

ಸರ್ವರಿನ ಇನ್ನೊಂದು ಗುಣ ಕಣ್ಣಿಗೆ ಕಾಣದಂತಹುದು. ಚಿಪ್ಪಿನ ಹೊದಿಕೆಯಲ್ಲಿ ಲೇಶಮಾತ್ರವಾಗಿರುವ ಯುರೇನಿಯಂ, ಥೋರಿಯಂಗಳಿಂದ ಹೊರಡುವ ಆಲ್ಫಾ ಕಣಗಳು ಸ್ಮೃತಿಯಲ್ಲಿ ಸೊನ್ನೆಯನ್ನು ಒಂದಾಗಿ ಮಾರ್ಪಡಿಸಬಲ್ಲವೆಂದು 1970ರ ದಶಕದ ಕೊನೆಯಲ್ಲಿ ತಿಳಿದುಬಂದಿತು. ವಿಶ್ವಕಿರಣಗಳೂ ಇದನ್ನೇ ಮಾಡುತ್ತವೆ. ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ದೋಷ ಪರಿಹಾರದ ಸಂಕೇತಗಳ ತತ್ತ್ವವನ್ನು ಅನುಸರಿಸಿ, ಸರ್ವರಿನ ಸ್ಮೃತಿಯಲ್ಲಿ ಪ್ರತಿ 64 ಬಿಟ್‌ಗಳಿಗೆ 8 ಕಾವಲು ಬಿಟ್‌ಗಳನ್ನು ಇರಿಸುತ್ತಾರೆ. ಒಂದು ಬಿಟ್ ಕೆಟ್ಟರೆ ಯಂತ್ರವೇ ಅದನ್ನು ತಿದ್ದಿಕೊಳ್ಳುತ್ತದೆ. ಸಾವಿರಾರು ಜನರ ಬ್ಯಾಂಕ್ ಲೆಕ್ಕಗಳನ್ನು ಹಗಲಿರುಳು ಕಾಯುವ ಯಂತ್ರಕ್ಕೆ ಈ ಕಾವಲು ಅತ್ಯಗತ್ಯ. ಪ್ರಯೋಗಶಾಲೆಯ ವರದಿಯನ್ನು ಬರೆಯುವವನಿಗೆ ಅಷ್ಟರ ಅಗತ್ಯವಿಲ್ಲ.

ಇನ್ನು ಬೆಲೆಯ ಮಾತು. ಎಪಿಕ್ 7742 ಬಿಡುಗಡೆಯಾದಾಗ ಅದರ ಘೋಷಿತ ಬೆಲೆ 6,950 ಡಾಲರ್. ಕೋರ್ ಒಂದಕ್ಕೆ ಸುಮಾರು 109 ಡಾಲರ್. ಹಳೆಯ ಪೇಟೆಯಲ್ಲಿ ಸರ್ವರ್ ಪ್ರೊಸೆಸರುಗಳ ಬೆಲೆ ಬಹಳ ಇಳಿಯುತ್ತದೆಂಬುದು ದಿಟ. ಆದರೆ ಅಗ್ಗವಾಗುವುದು ಕೊಳ್ಳುವ ಬೆಲೆಯೇ ಹೊರತು ಸಾಕುವ ಬೆಲೆಯಲ್ಲ. ಅದಕ್ಕೆ ತಕ್ಕ ಮದರ್‌ಬೋರ್ಡ್ ಬೇಕು, ಅದರದೇ ಜಾತಿಯ ಸ್ಮೃತಿ ಬೇಕು, ಬಲವಾದ ಪಂಖಗಳು ಬೇಕು. ಚಿತ್ರವನ್ನು ಮೂಡಿಸುವ ಭಾಗ ಅದರೊಳಗಿಲ್ಲವಾಗಿ ಪರದೆಯನ್ನು ನಡೆಸಲು ಇನ್ನೊಂದು ಸಾಧನ ಬೇಕು. ಪ್ರೊಸೆಸರೊಂದೇ ಹಗಲಿರುಳು 225 ವ್ಯಾಟ್‌ನಂತೆ ದುಡಿದರೆ ವರ್ಷಕ್ಕೆ 1,971 ಯೂನಿಟ್ ವಿದ್ಯುತ್ತು. ಯೂನಿಟ್ಟಿಗೆ 7 ರೂಪಾಯಿ ಎಂದು ಭಾವಿಸಿದರೂ 13,797 ರೂಪಾಯಿ. ವಿದ್ಯುತ್ತು ಕೈಕೊಟ್ಟ ಸಂಜೆ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಿಂದ ಓದನ್ನು ಮುಂದುವರಿಸಗೊಡುತ್ತದೆ; ಸರ್ವರ್ ಕಣ್ಣು ಮುಚ್ಚುತ್ತದೆ. ನಮ್ಮ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳಿಗೆ ಇದು ಸಣ್ಣ ಮಾತಲ್ಲ.

ಸರ್ವರ್ ನಿರ್ವಹಣೆಯನ್ನೇ ಕಲಿಯಬೇಕೆಂಬ ಹಂಬಲವುಳ್ಳವರಿಗೆ ಹಳೆಯ ಯಂತ್ರ ಒಳ್ಳೆಯ ಪಾಠಶಾಲೆಯಾಗಬಲ್ಲುದೆಂದು ಕೆಲವರು ವಾದಿಸುತ್ತಾರೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಪಾಠಶಾಲೆ ಒಬ್ಬೊಬ್ಬರ ಮನೆಯಲ್ಲಿರಬೇಕಾದ ಅಗತ್ಯವೇನು? ಯಂತ್ರದ ಯೋಗ್ಯತೆಯೆಂದರೆ ಅದು ತನ್ನ ಆಯುಷ್ಯದಲ್ಲಿ ಮಾಡಿದ ಪ್ರಯೋಜನಕರ ಕೆಲಸವನ್ನು ಅದಕ್ಕಾಗಿ ತೆತ್ತ ಒಟ್ಟು ಹಣದಿಂದ ಭಾಗಿಸಿದಾಗ ಬರುವ ಲಬ್ಧ. ವರ್ಷಕ್ಕೆ 8,760 ಗಂಟೆಗಳು. ದಿನಕ್ಕೆ ನಾಲ್ಕು ಗಂಟೆ ಬಳಸುವವನು ಅದರಲ್ಲಿ ಆರನೆಯ ಒಂದು ಪಾಲನ್ನು ಮಾತ್ರ ಉಪಯೋಗಿಸುತ್ತಾನೆ. ಸರ್ವರಿನ ಲಬ್ಧ ಹೆಚ್ಚಬೇಕಾದರೆ ಅದು ಬಹುಜನರ ಸೊತ್ತಾಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ 3.3 ಪೆಟಾಫ್ಲಾಪ್ ಶಕ್ತಿಯ ಪರಮ್ ಪ್ರವೇಗ ಮಹಾಗಣಕಕ್ಕೆ ಸಾರ್ಥಕತೆ ಬಂದಿರುವುದೂ ಅನೇಕ ಸಂಶೋಧಕರ ಗಣನೆಗಳನ್ನು ಸರದಿಯ ಮೇಲೆ ನಡೆಸುವುದರಿಂದಲೇ.

ಇದರಿಂದ ನಮ್ಮ ಕಾಲೇಜುಗಳು ಕಲಿಯಬೇಕಾದುದುಂಟು. ಅರವತ್ತು ಮಂದಿಯ ತರಗತಿಗೆ 64 ಕೋರ್‌ಗಳ ಒಂದು ಸರ್ವರ್ ಇದ್ದರೆ ತಲೆಗೊಂದು ಕೋರ್ ದೊರೆತು ನಾಲ್ಕು ಮಿಗುತ್ತವೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಸಾಧಾರಣ ಲ್ಯಾಪ್‌ಟಾಪಿನಿಂದಲೇ ಅದನ್ನು ತಲಪಿ, ಸಂಜೆ ಕೊಟ್ಟ ಗಣನೆಯ ಫಲವನ್ನು ಬೆಳಗ್ಗೆ ಪಡೆಯಬಹುದು. ಆದರೆ ಅದನ್ನು ಕೊಂಡು, ಉದ್ಘಾಟಿಸಿ, ಕೊಠಡಿಗೆ ಬೀಗ ಹಾಕಿ, ತಪಾಸಣೆಯ ದಿನ ಮಾತ್ರ ತೆರೆಯುವುದಾದರೆ, ಆ ಯಂತ್ರದ ಯೋಗ್ಯತೆ ಸೊನ್ನೆಯೆಂದೇ ನಾನು ಹೇಳುವೆನು. ಸಾರ್ವಜನಿಕ ಹಣದಿಂದ ಬಂದ ಕೋರ್‌ಗಳು ಸುಮ್ಮನೆ ಕುಳಿತಿರುವಾಗ, ಗಣನೆಗೆ ಯಂತ್ರ ಸಾಲದೆಂದು ವಿದ್ಯಾರ್ಥಿಯು ಸಾಲ ಮಾಡಿ ದೊಡ್ಡದನ್ನು ಕೊಳ್ಳುವಂತಾಗುವುದು ನಾಚಿಕೆಗೇಡು. ಕೀಲಿಕೈಯನ್ನು ವಿದ್ಯಾರ್ಥಿಗಳ ಪರವಾಗಿ ಕೇಳುವ ಧೈರ್ಯ ಅಧ್ಯಾಪಕರಿಗೂ ಇರಬೇಕು.

ಆದಕಾರಣ ತರುಣ ಮಿತ್ರರಿಗೆ ನನ್ನ ಸಲಹೆ ಇಷ್ಟೆ. ನಿಮ್ಮ ಸ್ವಂತಕ್ಕೆ ಹಾಸಿಗೆ ಇದ್ದಷ್ಟು ಕಾಲು ಚಾಚಿರಿ. ಸಾಕಷ್ಟು ಸ್ಮೃತಿಯುಳ್ಳ ಸಾಧಾರಣವಾದ ಲ್ಯಾಪ್‌ಟಾಪ್ ಒಂದನ್ನು ಕೊಂಡು, ಅದರಿಂದ ಪೂರ್ಣ ದುಡಿಮೆಯನ್ನು ಪಡೆಯಿರಿ. ಅದಕ್ಕೆ ಮೀರಿದ ಗಣನೆ ಎದುರಾದಾಗ, ನಿಮ್ಮ ವಿಭಾಗದ ಸರ್ವರ್ ಎಲ್ಲಿದೆಯೆಂದು ಹಿಂಜರಿಯದೆ ವಿಚಾರಿಸಿರಿ.