ಕೂಡುವ ಯಂತ್ರ, ಕೇಳುವ ತಂದೆ

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನಲ್ಲಿ ‘ಬಿಸಿನೆಸ್ ಅನಲಿಸ್ಟ್’ ಆಗಿದ್ದಾನೆ. ಹಾಗೆಂದರೇನೆಂದು ಕೇಳಿದೆ. ‘ವರ್ತಕರಿಗೆ ಬೇಕಾದುದೇನೆಂದು ಕೇಳಿ ತಿಳಿದು, ಸಾಫ್ಟ್‌ವೇರ್ ಬರೆಯುವವರಿಗೆ ತಿಳಿಸುವವನು ಸಾರ್, ಒಂದು ಬಗೆಯ ದುಭಾಷಿ’ ಎಂದನು. ತನ್ನ ಸಲಕರಣೆಗಳನ್ನೂ ಹೆಸರಿಸಿದನು. ಕೆಲಸದ ಹೆಜ್ಜೆಗಳನ್ನು ಚಿತ್ರವಾಗಿ ಬರೆಯಲು ವಿಸಿಯೊ, ಯಾರಲ್ಲಿ ಯಾವ ಕೆಲಸ ಉಳಿದಿದೆಯೆಂದು ನೋಡಲು ಜಿರಾ, ಮೇಲಿನವರನ್ನು ಒಪ್ಪಿಸಲು ಪವರ್‌ಪಾಯಿಂಟ್. ಎಲ್ಲಕ್ಕೂ ಹಿರಿಯಣ್ಣನಾಗಿ ಎಕ್ಸೆಲ್.

ಈ ಎಕ್ಸೆಲ್ಲಿನ ಮೂಲಪುರುಷ ವಿಸಿಕ್ಯಾಲ್. 1979ರಲ್ಲಿ ಡಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ಎಂಬ ಅಮೆರಿಕನ್ನರಿಬ್ಬರು ಅದನ್ನು ರೂಪಿಸಿದರು. ಒಂದು ಚೌಕದ ಅಂಕಿಯನ್ನು ತಿದ್ದಿದರೆ ಅದನ್ನು ನೆಚ್ಚಿದ ಲೆಕ್ಕವೆಲ್ಲವೂ ತಾನಾಗಿಯೇ ತಿದ್ದಿಕೊಳ್ಳುವ ಸೋಜಿಗ ಅದು. ಆರು ವರ್ಷಗಳ ತರುವಾಯ ಎಕ್ಸೆಲ್ ಬಂದಿತು.

ಕಳೆದ ಕಬ್ಬಿನ ಹಂಗಾಮಿನಲ್ಲಿ ಮದ್ದೂರಿನಲ್ಲಿ ರೈಲಿಳಿದು, ಮಳವಳ್ಳಿಯ ಬಸ್ಸು ಹಿಡಿದು ಊರಿಗೆ ಹೋದ ಈ ಹುಡುಗನು ತಂದೆಯವರ ಆಲೆಮನೆಯ ಲೆಕ್ಕದ ಪುಸ್ತಕವನ್ನು ಎಕ್ಸೆಲ್ಲಿಗೆ ಏರಿಸಿದನು. ಕಬ್ಬಿನ ಬೆಲೆ, ಕೂಲಿ, ಸಾಗಣೆ, ಮಂಡ್ಯದ ಮಾರುಕಟ್ಟೆಯಲ್ಲಿ ಅಚ್ಚುಬೆಲ್ಲಕ್ಕೂ ಬಕೆಟ್ ಬೆಲ್ಲಕ್ಕೂ ದೊರೆತ ಧಾರಣೆ, ಎಲ್ಲವೂ ಸಾಲಾಗಿ ನಿಂತವು. ಕೊನೆಯಲ್ಲಿ ಒಳ್ಳೆಯ ಲಾಭ ಕಾಣಿಸಿತು. ಅದನ್ನು ನೆಚ್ಚಿ ಹೊಸ ಗಾಣಕ್ಕೆ ಸಾಲ ತೆಗೆಯುವ ಮಾತೂ ಬಂದಿತು. ತಂದೆಯವರು ಪರದೆಯನ್ನು ದಿಟ್ಟಿಸಿ, ‘ಲಾಭ ಬಂದಿದ್ರೆ ದುಡ್ಡೆಲ್ಲಿ ಮಗ?’ ಎಂದರಂತೆ.

ಹುಡುಕಿದಾಗ ಗುಟ್ಟು ಹೊರಬಿದ್ದಿತು. ಖರ್ಚನ್ನು ಕೂಡುವ ಸೂತ್ರವನ್ನು ಮೊದಲೇ ಬರೆದು, ಮರೆತಿದ್ದ ಕೂಲಿಯ ಸಾಲುಗಳನ್ನು ಆಮೇಲೆ ಕೆಳಗೆ ಸೇರಿಸಿದ್ದನು. ಸೂತ್ರವು ಹಳೆಯ ಎಲ್ಲೆಯಲ್ಲಿಯೇ ನಿಂತಿತ್ತು. ಬಿಟ್ಟುಹೋದುದನ್ನು ಕೂಡಿದೊಡನೆ ಲಾಭವು ನಷ್ಟವಾಯಿತು.

ಹೀಗೆ ಎಡವಿದವನು ಅವನೊಬ್ಬನೇ ಅಲ್ಲ. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೋಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು ದೇಶಗಳ ಸಾಲವನ್ನು ಕುರಿತು ಬರೆದ ಪ್ರಬಂಧದಲ್ಲಿಯೂ ಎಕ್ಸೆಲ್ಲಿನ ಸೂತ್ರವೊಂದು ಐದು ದೇಶಗಳನ್ನು ಸರಾಸರಿಯಿಂದ ಹೊರಗಿಟ್ಟಿತ್ತು. ಸರಕಾರದ ವೆಚ್ಚ ಕಡಿಯಬೇಕೆಂದು ವಾದಿಸುವವರು ಆಧಾರವಾಗಿ ಎತ್ತಿಹಿಡಿದಿದ್ದ ಪ್ರಬಂಧವದು. 2013ರಲ್ಲಿ ಆ ತಪ್ಪನ್ನು ಕಂಡುಹಿಡಿದವನು ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ. ಲೇಖಕರು ತಮ್ಮ ನಿಲುವನ್ನು ಬಿಡದಿದ್ದರೂ ಈ ತಪ್ಪನ್ನು ಒಪ್ಪಿಕೊಂಡರು.

ಯಂತ್ರವು ಕೊಟ್ಟುದನ್ನು ಕೂಡುತ್ತದೆ; ಬಿಟ್ಟುದೇನೆಂದು ಕೇಳುವುದಿಲ್ಲ. ಕೇಳುವ ಕೆಲಸ ದುಭಾಷಿಯದು. ಅಂದು ಅದನ್ನು ಮಾಡಿದವರು ಆಲೆಮನೆಯ ಯಜಮಾನರು.

ಈಗ ನಮ್ಮ ಹುಡುಗನು ಆಫೀಸಿನಲ್ಲಿ ಯಾವ ಮೊತ್ತವನ್ನು ತೋರಿಸುವುದಕ್ಕೂ ಮೊದಲು ಸೂತ್ರದ ಎಲ್ಲೆಯನ್ನು ಒಮ್ಮೆ ಬೆರಳಿಟ್ಟು ನೋಡುತ್ತಾನಂತೆ. ಹೊಸ ಗಾಣದ ಮಾತು ಮುಂದಿನ ಹಂಗಾಮಿಗೆ ನಿಂತಿದೆ.